ಹಳೆಯ ಬುಲೆಟ್‌ನ ಹಿಂಭಾಗವನ್ನು ಎತ್ತರಿಸುವುದು: ಯಾವ ದಾರಿ ಯಾರಿಗೆ ಸರಿ?

ಎರಕದ ಕಬ್ಬಿಣದ ಎಂಜಿನ್ ಇರುವ ಹಳೆಯ ಬುಲೆಟ್ 350 ಇಟ್ಟುಕೊಂಡವರಲ್ಲಿ ಅನೇಕರು ಒಂದಲ್ಲ ಒಂದು ದಿನ ಮೆಕ್ಯಾನಿಕ್ ಬಳಿ ಹೋಗಿ, ಗಾಡಿಯ ಹಿಂಭಾಗವನ್ನು ಸ್ವಲ್ಪ ಎತ್ತರಿಸಿಕೊಡಿ ಎಂದು ಕೇಳುತ್ತಾರೆ. ಹಿಂದೆ ಒಬ್ಬರು ಕೂತರೆ ಸಾಕು, ಹಂಪ್ ದಾಟುವಾಗ ಸೆಂಟರ್ ಸ್ಟ್ಯಾಂಡ್ ಕೆರೆಯುತ್ತದೆ ಎಂಬುದು ಒಬ್ಬರ ದೂರು. ಗುಂಡಿಗೆ ಇಳಿದಾಗಲೆಲ್ಲ ಶಾಕ್ (ಹಿಂಚಕ್ರದ ಹೊಡೆತ ತಡೆಯುವ ಸ್ಪ್ರಿಂಗ್ ಮತ್ತು ಎಣ್ಣೆಯ ಜೋಡಣೆ) ತಳ ಮುಟ್ಟಿ ಬೆನ್ನಿಗೆ ಹೊಡೆತ ಬೀಳುತ್ತದೆ ಎಂಬುದು ಇನ್ನೊಬ್ಬರ ದೂರು. ಎತ್ತರದ ಆಳುಗಳಿಗೆ ಮೊಣಕಾಲು ಮಡಚಿ ಕೂರುವುದು ಕಷ್ಟ. ಇನ್ನು ಕೆಲವರಿಗೆ ಘಟ್ಟದ ತಿರುವುಗಳಲ್ಲಿ ಹ್ಯಾಂಡಲ್ ಇನ್ನಷ್ಟು ಚುರುಕಾಗಿ ತಿರುಗಬೇಕು. ಕೇಳುವವರ ಕಾರಣಗಳು ಇಷ್ಟು ಬೇರೆ ಬೇರೆಯಾಗಿದ್ದರೂ ಬಹುತೇಕ ವರ್ಕ್‌ಶಾಪ್‌ಗಳಲ್ಲಿ ಸಿಗುವ ಉತ್ತರ ಒಂದೇ: ಉದ್ದದ ಶಾಕ್ ಹಾಕಿಸಿ, ಇಲ್ಲವೇ ಇರುವ ಶಾಕ್‌ಗೆ ಕೆಳಗಡೆ ತುಂಡು ಜೋಡಿಸಿ.

ಈ ಉತ್ತರವನ್ನು ಒಪ್ಪಿಕೊಳ್ಳುವ ಮುನ್ನ ಒಂದು ಮಾತನ್ನು ತಿಳಿದಿರಬೇಕು. ಇಪ್ಪತ್ತು ಮೂವತ್ತು ವರ್ಷ ಓಡಿದ ಗಾಡಿ ತಗ್ಗಾಗಿ ಕಾಣುವುದು ಹೆಚ್ಚಿನ ಸಂದರ್ಭಗಳಲ್ಲಿ ಅದರ ಸ್ಪ್ರಿಂಗ್‌ಗಳು ಕೂತಿರುವುದರಿಂದಲೇ. ಅಂಥ ಗಾಡಿಗೆ ಬೇಕಾಗಿರುವುದು ಕಳೆದುಕೊಂಡ ಎತ್ತರ. ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚಿನ ಎತ್ತರ ನಿಜವಾಗಿ ಬೇಕಾಗುವವರು ಕಡಿಮೆ. ಈ ಎರಡರ ನಡುವಿನ ಭೇದವನ್ನು ಟೇಪು ಹಿಡಿದು ಅಳೆದು ತಿಳಿಯಬಹುದು; ಕಣ್ಣಂದಾಜಿನಲ್ಲಿ ತಿಳಿಯಲಾಗದು. ಆದ್ದರಿಂದ ಪ್ರಿಲೋಡ್ (ಭಾರ ಬೀಳುವ ಮುನ್ನವೇ ಸ್ಪ್ರಿಂಗನ್ನು ಒತ್ತಿಟ್ಟಿರುವ ಪ್ರಮಾಣ) ಹೆಚ್ಚಿಸುವುದು, ಸ್ಪ್ರಿಂಗ್ ಬದಲಿಸುವುದು, ಉದ್ದದ ಶಾಕ್ ಹಾಕುವುದು, ಜೋಡಣೆಯ ತುಂಡು ಸೇರಿಸುವುದು, ದೊಡ್ಡ ಟಯರ್ ಹಾಕುವುದು ಎಂಬ ದಾರಿಗಳನ್ನು ಹೋಲಿಸುವ ಮುನ್ನ ಅಳತೆಯ ವಿಷಯವನ್ನು ಹೇಳಲೇಬೇಕು.

ಬುಲೆಟ್‌ನ ಹಿಂಭಾಗದ ರಚನೆ ಹೊಸದೇನಲ್ಲ. 1948ರಲ್ಲಿ ಇಂಗ್ಲೆಂಡಿನ ಕೋಲ್ಮೋರ್ ಟ್ರಯಲ್ ಎಂಬ ಬೈಕ್ ಸ್ಪರ್ಧೆಯಲ್ಲಿ ಸ್ವಿಂಗ್ ಆರ್ಮ್ (ಹಿಂಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಮತ್ತು ಎರಡು ಹೈಡ್ರಾಲಿಕ್ ಶಾಕ್‌ಗಳಿದ್ದ ಬುಲೆಟ್‌ನ ಮೊದಲ ಮಾದರಿಗಳು ಕಾಣಿಸಿಕೊಂಡಾಗ, ಹಿಂಚಕ್ರಕ್ಕೆ ಹೀಗೆ ಸಸ್ಪೆನ್ಷನ್ ಕೊಡುವುದೇ ಅಪರೂಪವಾಗಿತ್ತು. ಮರುವರ್ಷ ಅದು ಮಾರಾಟಕ್ಕೆ ಬಂತು. 1955ರಲ್ಲಿ ಮದ್ರಾಸಿನಲ್ಲಿ ಬುಲೆಟ್ ತಯಾರಿಕೆ ಆರಂಭವಾದ ಮೇಲೆ ದಶಕಗಳ ಕಾಲ ಈ ಮೂಲ ವಿನ್ಯಾಸ ಹಾಗೆಯೇ ಮುಂದುವರಿಯಿತು. ಗಾಡಿಯ ಎರಡು ಚಕ್ರಗಳ ನಡುವಿನ ಅಂತರ 1370 ಮಿ.ಮೀ., ಚಕ್ರಗಳು 19 ಇಂಚಿನವು, ಹಿಂಚಕ್ರದ ಓಡಾಟ, ಅಂದರೆ ಅದು ಮೇಲೆ ಕೆಳಗೆ ಆಡುವ ಒಟ್ಟು ದೂರ, ಸುಮಾರು 80 ಮಿ.ಮೀ. ಮುಂದೆ ಬರುವ ಎಲ್ಲ ಲೆಕ್ಕಗಳಿಗೂ ಈ ಮೂರು ಸಂಖ್ಯೆಗಳೇ ಆಧಾರ. ಯಮಹಾ ಆರ್‌ಎಕ್ಸ್ 100, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿಗಳಲ್ಲೂ ಹಿಂದೆ ಎರಡು ಶಾಕ್‌ಗಳೇ ಇರುವುದರಿಂದ, ಅಂಕಿಗಳು ಬದಲಾದರೂ ತರ್ಕ ಅವುಗಳಿಗೂ ಅನ್ವಯಿಸುತ್ತದೆ.

ಮೊದಲು ಟೇಪು, ಆಮೇಲೆ ಸ್ಪ್ಯಾನರ್

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂಚಕ್ರ ನೆಲ ಬಿಟ್ಟು ಪೂರ್ತಿ ಜೋತು ಬೀಳುವಂತೆ ಮಾಡಬೇಕು. ಆಕ್ಸಲ್‌ನ ಮಧ್ಯದಿಂದ ನೇರವಾಗಿ ಮೇಲಕ್ಕೆ, ಮಡ್‌ಗಾರ್ಡಿನ ಕಂಬಿಯ ಮೇಲೋ ಸೀಟಿನ ಚೌಕಟ್ಟಿನ ಮೇಲೋ ಚಾಕ್‌ಪೀಸಿನಿಂದ ಒಂದು ಗುರುತು ಹಾಕಿ, ಆ ಅಂತರವನ್ನು ಬರೆದಿಟ್ಟುಕೊಳ್ಳಬೇಕು. ಇದು ಮೊದಲ ಅಳತೆ. ನಂತರ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಯಾರೂ ಕೂರದೆ ನೆಟ್ಟಗೆ ಹಿಡಿದುಕೊಂಡಾಗ ಅದೇ ಅಂತರವನ್ನು ಅಳೆದರೆ ಎರಡನೆಯ ಅಳತೆ ಸಿಗುತ್ತದೆ. ಸವಾರ ಎಂದಿನ ಉಡುಪಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ಎರಡೂ ಕಾಲನ್ನು ಫುಟ್‌ರೆಸ್ಟಿನ ಮೇಲಿಟ್ಟು ಕೂತಾಗ ಮೂರನೆಯದು. ಈ ಕೆಲಸಕ್ಕೆ ಮೂವರು ಬೇಕು: ಕೂರಲು ಒಬ್ಬರು, ಮುಂದಿನಿಂದ ಹಿಡಿಯಲು ಒಬ್ಬರು, ಅಳೆಯಲು ಒಬ್ಬರು. ಹಳೆಯ ಬುಷ್‌ಗಳಲ್ಲಿ (ಕೀಲಿನ ಒಳಗೆ ಕೂರುವ ಕೊಳವೆಗಳಲ್ಲಿ) ಬಿಗಿ ಇರುವುದರಿಂದ ಗಾಡಿಯನ್ನು ಒಮ್ಮೆ ಕೆಳಗೆ ಒತ್ತಿ ನಿಧಾನವಾಗಿ ಬಿಟ್ಟು ಅಳೆಯಬೇಕು, ಇನ್ನೊಮ್ಮೆ ಮೇಲಕ್ಕೆ ಎತ್ತಿ ನಿಧಾನವಾಗಿ ಬಿಟ್ಟು ಅಳೆಯಬೇಕು, ಎರಡರ ಸರಾಸರಿಯನ್ನು ತೆಗೆದುಕೊಳ್ಳಬೇಕು. ಈ ಎರಡು ಅಳತೆಗಳ ನಡುವೆ ಹತ್ತು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಎತ್ತರದ ವಿಚಾರವನ್ನು ಬದಿಗಿಟ್ಟು ಸ್ವಿಂಗ್ ಆರ್ಮ್‌ನ ಬುಷ್‌ಗಳನ್ನೂ ಶಾಕ್‌ನ ಕಣ್ಣಿನ (ಬೋಲ್ಟ್ ಹಾಯುವ ತುದಿಯ ರಂಧ್ರದ) ರಬ್ಬರ್‌ಗಳನ್ನೂ ಮೊದಲು ನೋಡುವುದು ಒಳ್ಳೆಯದು.

ಮೊದಲ ಅಳತೆಯಿಂದ ಮೂರನೆಯದನ್ನು ಕಳೆದರೆ ಸವಾರನ ಭಾರಕ್ಕೆ ಗಾಡಿ ಎಷ್ಟು ಕುಸಿಯುತ್ತದೆ ಎಂದು ತಿಳಿಯುತ್ತದೆ. ಒಟ್ಟು ಓಡಾಟದ ಮೂರನೆಯ ಒಂದು ಭಾಗ ಕುಸಿದರೆ ಅದು ಆರೋಗ್ಯಕರ ಸ್ಥಿತಿ, 80 ಮಿ.ಮೀ. ಓಡಾಟದ ಬುಲೆಟ್‌ಗೆ ಇದು 25ರಿಂದ 30 ಮಿ.ಮೀ. ಆಗುತ್ತದೆ. ಮೊದಲ ಅಳತೆಯಿಂದ ಎರಡನೆಯದನ್ನು ಕಳೆದರೆ ಗಾಡಿ ತನ್ನ ಸ್ವಂತ ಭಾರಕ್ಕೆ ಕುಸಿಯುವ ಪ್ರಮಾಣ ಸಿಗುತ್ತದೆ. ಅದು 8ರಿಂದ 12 ಮಿ.ಮೀ. ಇದ್ದರೆ ಸರಿ. ಉದಾಹರಣೆಗೆ, ಜೋತುಬಿದ್ದಾಗ 540 ಮಿ.ಮೀ. ಇದ್ದ ಅಂತರ ಸವಾರ ಕೂತಾಗ 492ಕ್ಕೆ ಇಳಿದಿದೆ ಎನ್ನೋಣ. ಗಾಡಿ 48 ಮಿ.ಮೀ. ಕುಸಿದಿದೆ ಎಂದಾಯಿತು, ಅಂದರೆ ಇರಬೇಕಾದುದಕ್ಕಿಂತ 18 ಮಿ.ಮೀ. ಹೆಚ್ಚು. ಹಂಪ್ ಮೇಲೆ ಹತ್ತಿದಾಗ ಕುಗ್ಗಲು ಉಳಿದಿರುವುದು 32 ಮಿ.ಮೀ. ಮಾತ್ರ, ಹಿಂದೆ ಇನ್ನೊಬ್ಬರು ಕೂತರೆ ಅದರಲ್ಲೂ ಬಹುಪಾಲು ಮುಗಿಯುತ್ತದೆ. ಇಂಥ ಗಾಡಿಗೆ 20 ಮಿ.ಮೀ. ಉದ್ದದ ಶಾಕನ್ನು ಅದೇ ಮೆತ್ತಗಿನ ಸ್ಪ್ರಿಂಗ್ ಸಹಿತ ಹಾಕಿದರೆ ಗಾಡಿ ನಿಂತಾಗ ಎತ್ತರವಾಗಿ ಕಾಣುತ್ತದೆ, ನಿಜ. ಆದರೆ ಶಾಕ್ ತಳ ಮುಟ್ಟುವ ಹೊಡೆತ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ, ಏಕೆಂದರೆ ಉಳಿದಿರುವ ಓಡಾಟ ಅಷ್ಟೇ.

ಇನ್ನೂ ಒಂದು ಲೆಕ್ಕವನ್ನು ಇಲ್ಲೇ ಮಾಡಿಕೊಳ್ಳಬೇಕು, ಏಕೆಂದರೆ ಹಂಪ್ ತಾಗುತ್ತದೆಂದು ಎತ್ತರಿಸಲು ಹೊರಟವರು ಇದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಿಂಭಾಗವನ್ನು 24 ಮಿ.ಮೀ. ಎತ್ತಿದರೆ ಮುಂಚಕ್ರದ ಬಳಿ ಏನೂ ಏರುವುದಿಲ್ಲ, ಹಿಂಚಕ್ರದ ಬಳಿ ಪೂರ್ತಿ 24 ಏರುತ್ತದೆ, ಎರಡು ಚಕ್ರಗಳ ನಡುಮಧ್ಯದಲ್ಲಿ 12 ಮಾತ್ರ. ಹಂಪ್ ತಾಗುವುದು ಈ ನಡುಭಾಗಕ್ಕೇ. ಆದ್ದರಿಂದ ನೆಲದಂತರವೇ ಗುರಿಯಾಗಿದ್ದರೆ ಮುಂದಿನ ಫೋರ್ಕಿನ ಸ್ಪ್ರಿಂಗ್‌ಗಳನ್ನೂ ಹಿಂದಿನವುಗಳ ಜೊತೆಗೇ ಸರಿಪಡಿಸುವುದು ನ್ಯಾಯ. ಹಿಂಭಾಗ ಒಂದನ್ನೇ ಎತ್ತಿ ಅಷ್ಟು ಲಾಭ ಪಡೆಯಲು ಹೋದರೆ ಸ್ಟಿಯರಿಂಗ್ ಕೆಡುತ್ತದೆ.

ಪ್ರಿಲೋಡ್ ಮತ್ತು ವಾಷರ್: ಸುಲಭದ ದಾರಿಯ ಮಿತಿ

ಸ್ಪ್ರಿಂಗನ್ನು ಒತ್ತುವ, ಹಂತಗಳಿರುವ ಕಾಲರ್ ಉಳ್ಳ ಶಾಕ್ ಇದ್ದರೆ ಕೊಕ್ಕೆ ಸ್ಪ್ಯಾನರಿನಿಂದ ಅದನ್ನು ಒಂದೆರಡು ಹಂತ ಮೇಲಕ್ಕೆ ತಿರುಗಿಸುವುದು ಎಲ್ಲಕ್ಕಿಂತ ಸುಲಭ, ಖರ್ಚೂ ಇಲ್ಲ. ಇಲ್ಲಿ ಬಹಳ ಕಾಲದಿಂದ ಬಂದಿರುವ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು: ಪ್ರಿಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಡುಸಾಗುವುದಿಲ್ಲ. ಒಂದು ಮಿ.ಮೀ. ಕುಗ್ಗಿಸಲು ಮೊದಲು ಎಷ್ಟು ಭಾರ ಬೇಕಿತ್ತೋ ಆಮೇಲೂ ಅಷ್ಟೇ ಬೇಕು. ಗಾಡಿ ಕುಸಿಯಲು ಆರಂಭಿಸುವ ಮಟ್ಟ ಮಾತ್ರ ಮೇಲಕ್ಕೆ ಸರಿಯುತ್ತದೆ, ಅದರಿಂದ ಸವಾರ ಕೂತಾಗಿನ ಎತ್ತರ ಹೆಚ್ಚುತ್ತದೆ. ಹಿಂದೆ ಯಾರಾದರೂ ಕೂರುವ ದಿನ ಕಾಲರ್ ಏರಿಸಿ, ಒಬ್ಬರೇ ಹೋಗುವ ದಿನ ಇಳಿಸುವುದು ಈ ಸೌಲಭ್ಯದ ಸರಿಯಾದ ಬಳಕೆ.

ಕಾಲರ್ ಇಲ್ಲದ ಹಳೆಯ ಶಾಕ್‌ಗಳಲ್ಲಿ ಸ್ಪ್ರಿಂಗಿನ ತುದಿಗೆ ಲೇತ್‌ನಲ್ಲಿ ಕಡೆದ ಉಂಗುರವನ್ನು ಕೂರಿಸುವ ಪದ್ಧತಿ ಇದೆ. ಮೇಲ್ನೋಟಕ್ಕೆ ಇದು ತೇಪೆ ಕೆಲಸದಂತೆ ಕಂಡರೂ, ಒಂದು ಸಂದರ್ಭದಲ್ಲಿ ಪೂರ್ಣವಾಗಿ ಸರಿಯಾದದ್ದು. ಹಳೆಯದಾದ ಉಕ್ಕಿನ ಸ್ಪ್ರಿಂಗ್ ತನ್ನ ಗಡಸುತನವನ್ನು ಕಳೆದುಕೊಳ್ಳುವುದಕ್ಕಿಂತ ಹೆಚ್ಚಾಗಿ ತನ್ನ ಬಿಡಿ ಉದ್ದವನ್ನು ಕಳೆದುಕೊಳ್ಳುತ್ತದೆ. ಶಾಕ್‌ನಿಂದ ಬಿಚ್ಚಿದ ಸ್ಪ್ರಿಂಗನ್ನು ಅದೇ ಮಾದರಿಯ ಹೊಸ ಸ್ಪ್ರಿಂಗಿನ ಪಕ್ಕ ನಿಲ್ಲಿಸಿದಾಗ ಎಂಟು ಮಿ.ಮೀ. ಗಿಡ್ಡವಾಗಿ ಕಂಡರೆ, ಎಂಟು ಮಿ.ಮೀ. ಉಂಗುರ ಹಾಕಿದಾಗ ಗಾಡಿ ಕಾರ್ಖಾನೆಯ ಎತ್ತರಕ್ಕೆ ಮರಳುತ್ತದೆ. ಆದರೆ ಉಂಗುರ ಕೂತಷ್ಟು ಜಾಗ ಸ್ಪ್ರಿಂಗ್ ಕುಗ್ಗಲು ಇಲ್ಲವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಶಾಕ್ ಪೂರ್ತಿ ಒತ್ತಿದಾಗ ಸುರುಳಿಗಳು ಒಂದಕ್ಕೊಂದು ಅಂಟಿ ನಿಂತರೆ ಆ ಹೊಡೆತವೆಲ್ಲ ಸ್ಪ್ರಿಂಗಿನ ಆಸನ, ಕಣ್ಣು ಮತ್ತು ಚೌಕಟ್ಟಿನ ಬೋಲ್ಟಿಗೆ ಹೋಗುತ್ತದೆ. ಸ್ಪ್ರಿಂಗ್ ಮೇಲೆ ತುಕ್ಕು ತಿಂದ ಚುಕ್ಕಿಗಳಿದ್ದರೆ ಉಂಗುರದ ಮಾತೇ ಬೇಡ. ಅಂಥ ಚುಕ್ಕಿಗಳಿಂದಲೇ ಬಿರುಕು ಆರಂಭವಾಗುವುದು.

ಉಂಗುರವಾಗಲಿ ಕಾಲರ್ ಆಗಲಿ, ಎಲ್ಲಿ ನಿಲ್ಲಿಸಬೇಕೆಂದು ಗಾಡಿಯೇ ತೋರಿಸಿಕೊಡುತ್ತದೆ. ಸವಾರ ಕೂತಾಗಿನ ಕುಸಿತವನ್ನು 30 ಮಿ.ಮೀ.ಗೆ ತಂದ ಮೇಲೆ, ಇಳಿದು ಗಾಡಿಯ ಸ್ವಂತ ಕುಸಿತವನ್ನು ಮತ್ತೆ ಅಳೆಯಬೇಕು. ಅದು ಸೊನ್ನೆಯ ಹತ್ತಿರ ಬಂದಿದ್ದರೆ, ಮೆತ್ತಗಿನ ಸ್ಪ್ರಿಂಗನ್ನು ಬಲವಂತವಾಗಿ ಬಿಗಿದಿದ್ದೇವೆ ಎಂದರ್ಥ. ಆಗ ಚಕ್ರ ಗುಂಡಿಗೆ ಇಳಿದು ನೆಲವನ್ನು ಹಿಂಬಾಲಿಸಲು ಜಾಗವಿಲ್ಲದೆ, ಶಾಕ್ ಮೇಲಿನ ತುದಿಗೆ ಬಡಿದು ಟಕ್ ಎನ್ನುತ್ತದೆ, ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಟಯರಿನ ಹಿಡಿತ ಕಡಿಮೆಯಾಗುತ್ತದೆ. ಇಲ್ಲಿಗೆ ಪ್ರಿಲೋಡಿನ ದಾರಿ ಮುಗಿಯಿತು. ಮುಂದಿನದು ಸ್ಪ್ರಿಂಗ್ ಬದಲಿಸುವ ದಾರಿ.

ಸ್ಪ್ರಿಂಗ್ ಬದಲಿಸುವುದು, ಶಾಕ್ ರಿಪೇರಿ ಮಾಡಿಸುವುದು

ನನ್ನ ಮಟ್ಟಿಗೆ ಹೆಚ್ಚಿನ ಬುಲೆಟ್‌ಗಳಿಗೆ ಸಲ್ಲಬೇಕಾದ ಉತ್ತರ ಇದೇ. ದಿನವೂ ಇಬ್ಬರು ಓಡಾಡುವ, ವಾರಕ್ಕೊಮ್ಮೆ ಅಕ್ಕಿ ಮೂಟೆಯನ್ನೋ ಗ್ಯಾಸ್ ಸಿಲಿಂಡರನ್ನೋ ಹೊರುವ ಗಾಡಿಗೆ ಉದ್ದಕ್ಕಿಂತ ಗಡಸುತನ ಮುಖ್ಯ. ಸ್ಪ್ರಿಂಗಿನ ಗಡಸುತನ ಅದರ ಕಂಬಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆ ಹಾಗೆಯೇ ಇದ್ದು, 7 ಮಿ.ಮೀ. ಕಂಬಿಯ ಬದಲು 7.5 ಮಿ.ಮೀ. ಕಂಬಿ ಬಳಸಿದರೆ ಸ್ಪ್ರಿಂಗ್ ಸುಮಾರು 32 ಪ್ರತಿಶತ ಗಡುಸಾಗುತ್ತದೆ. ಕಣ್ಣಿಗೆ ಕಾಣದ ಅರ್ಧ ಮಿ.ಮೀ. ಇಷ್ಟು ವ್ಯತ್ಯಾಸ ಮಾಡುವುದರಿಂದ ಬಿಡಿಭಾಗದ ಅಂಗಡಿಯಲ್ಲಿ ಸ್ಪ್ರಿಂಗ್ ಕೊಳ್ಳುವಾಗ ಕೈಯಲ್ಲಿ ವರ್ನಿಯರ್ (ಮಿ.ಮೀ.ನ ಭಾಗಗಳನ್ನೂ ಅಳೆಯುವ ಸಾಧನ) ಇರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಒಂದೇ ಉದ್ದದ, ಒಂದೇ ಬಣ್ಣದ, ಆದರೆ ಬೇರೆ ದಪ್ಪದ ಸ್ಪ್ರಿಂಗ್‌ಗಳು ಅಕ್ಕಪಕ್ಕದಲ್ಲೇ ಸಿಗಬಹುದು. ಕಂಬಿಯ ದಪ್ಪ, ಬಿಡಿ ಉದ್ದ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ, ಒಳವ್ಯಾಸ ಈ ನಾಲ್ಕನ್ನೂ ಬರೆದುಕೊಂಡು ಹೋಗುವುದು ಕ್ಷೇಮ. ಕೊಂಡ ಎರಡು ಸ್ಪ್ರಿಂಗ್‌ಗಳು ಪರಸ್ಪರ ಸಮವಾಗಿವೆಯೇ ಎಂದು ಅಂಗಡಿಯಲ್ಲೇ ನಿಲ್ಲಿಸಿ ನೋಡಬೇಕು. ಎಡಬಲಗಳು ಬೇರೆಯಾದರೆ ಸ್ವಿಂಗ್ ಆರ್ಮ್ ತಿರುಚುವ ಒತ್ತಡಕ್ಕೆ ಒಳಗಾಗುತ್ತದೆ.

ಸ್ಪ್ರಿಂಗನ್ನು ಗಡುಸಾಗಿಸಿದ ಮೇಲೆ ಅದನ್ನು ಅಂಕೆಯಲ್ಲಿಡುವ ಎಣ್ಣೆಯ ಭಾಗವೂ ಆರೋಗ್ಯವಾಗಿರಬೇಕು. ಗಡುಸು ಸ್ಪ್ರಿಂಗ್ ಹೆಚ್ಚು ಬಲದಿಂದ ಹಿಂದಕ್ಕೆ ಚಿಮ್ಮುತ್ತದೆ. ಎಣ್ಣೆ ಸೋರಿದ ಶಾಕ್ ಅದನ್ನು ತಡೆಯಲಾರದು, ಗಾಡಿ ಹಂಪ್ ದಾಟಿದ ಮೇಲೂ ಎರಡು ಮೂರು ಬಾರಿ ಕುಣಿಯುತ್ತದೆ. ಸ್ಪ್ರಿಂಗ್ ಬಿಚ್ಚಿದ ಶಾಕನ್ನು ನೆಟ್ಟಗೆ ನಿಲ್ಲಿಸಿ ಕೈಯಿಂದ ಒತ್ತಿ ಎಳೆದು ನೋಡಿದರೆ ಸ್ಥಿತಿ ಸ್ಪಷ್ಟವಾಗುತ್ತದೆ. ಎಳೆಯುವಾಗ ಆರಂಭದಿಂದ ಕೊನೆಯವರೆಗೆ ಒಂದೇ ಸಮನಾದ ತಡೆ ಇರಬೇಕು. ನಡುವೆ ಎಲ್ಲಿಯಾದರೂ ಖಾಲಿ ಜಾರಿದಂತಾದರೆ ಒಳಗೆ ಗಾಳಿ ಸೇರಿದೆ ಅಥವಾ ಎಣ್ಣೆ ಕಡಿಮೆಯಾಗಿದೆ. ಒಳಗಿನ ದಂಡದ ಮೇಲೆ ಕ್ರೋಮ್ ಎದ್ದಿದ್ದರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ, ಆ ಒರಟು ಭಾಗ ಅದನ್ನು ಬೇಗನೆ ಕೊಯ್ದುಬಿಡುತ್ತದೆ. ಬಿಚ್ಚಲು ಬರುವ ಹಳೆಯ ಹೈಡ್ರಾಲಿಕ್ ಶಾಕ್‌ಗಳನ್ನು ಅನುಭವಸ್ಥರಿಂದ ರಿಪೇರಿ ಮಾಡಿಸಬಹುದು. ಅನಿಲ ತುಂಬಿ ಮುಚ್ಚಿದ ಶಾಕ್‌ಗಳನ್ನು ಕತ್ತರಿಸಿ ಬೆಸುಗೆ ಹಾಕಿಸುವುದು ಅಪಾಯಕಾರಿ. ಅವುಗಳ ಬದಲು ಹೊಸ ಜೋಡಿ ಕೊಳ್ಳುವುದೇ ಸರಿ.

ಗಾಡಿಯ ಮೂಲಸ್ವರೂಪವನ್ನು ಉಳಿಸಿಕೊಳ್ಳಬೇಕೆಂದು ಆಸೆಪಡುವವರಿಗೂ ಈ ದಾರಿಯೇ ಹೊಂದುತ್ತದೆ. ಹೊರಗಿನ ಉಕ್ಕಿನ ಮುಚ್ಚಳಗಳನ್ನು ಹಾಗೆಯೇ ಇಟ್ಟು ಒಳಗಿನದನ್ನು ಮಾತ್ರ ಹೊಸದು ಮಾಡಿದಾಗ, 1970ರ ದಶಕದ ಬುಲೆಟ್ ನೋಡಲು 1970ರ ದಶಕದ ಬುಲೆಟ್ ಆಗಿಯೇ ಉಳಿಯುತ್ತದೆ, ಮತ್ತು ಅದನ್ನು ರೂಪಿಸಿದವರು ಬಯಸಿದ ಎತ್ತರದಲ್ಲಿ ನಿಲ್ಲುತ್ತದೆ. ಹೀಗೆ ಸರಿಯಾಗಿ ನಿಂತ ಹಳೆಯ ಗಾಡಿಯನ್ನು ಓಡಿಸುವಾಗ ಸಿಗುವ ನೆಮ್ಮದಿಗಾಗಿ ಸ್ವಲ್ಪ ಹೆಚ್ಚು ಖರ್ಚಾದರೂ ಚಿಂತೆಯಿಲ್ಲವೆಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ.

ಉದ್ದದ ಶಾಕ್: ಯಾರಿಗೆ, ಎಷ್ಟು

ಸ್ಪ್ರಿಂಗ್ ಸರಿಯಾಗಿದೆ, ಕುಸಿತ 30 ಮಿ.ಮೀ. ಒಳಗಿದೆ, ಆದರೂ ಎತ್ತರ ಸಾಲದು ಎನ್ನುವವರಿಗೆ ಮಾತ್ರ ಉದ್ದದ ಶಾಕ್. ಆರಡಿಗಿಂತ ಎತ್ತರದ ಸವಾರರು, ತಿರುವಿನಲ್ಲಿ ಚುರುಕು ಬಯಸುವವರು ಈ ಗುಂಪಿಗೆ ಸೇರುತ್ತಾರೆ. ಇಲ್ಲಿ ಶಾಕ್‌ನ ಉದ್ದದಲ್ಲಿನ ಹೆಚ್ಚಳ ಮತ್ತು ಆಕ್ಸಲ್ ಬಳಿ ಗಾಡಿಯ ಏರಿಕೆ ಒಂದೇ ಅಲ್ಲ. ಶಾಕ್ ಓರೆಯಾಗಿ ನಿಂತಿರುವುದರಿಂದಲೂ, ಅದರ ಕೆಳಗಿನ ಬೋಲ್ಟ್ ಆಕ್ಸಲ್‌ಗಿಂತ ತುಸು ಮುಂದಿರುವುದರಿಂದಲೂ ಉದ್ದದಲ್ಲಿ 20 ಮಿ.ಮೀ. ಹೆಚ್ಚಿಸಿದರೆ ಆಕ್ಸಲ್ ಬಳಿ ಸುಮಾರು 23ರಿಂದ 24 ಮಿ.ಮೀ. ಏರಿಕೆ ಸಿಗುತ್ತದೆ. 1370 ಮಿ.ಮೀ. ಅಂತರದ ಗಾಡಿಯಲ್ಲಿ ಇದರಿಂದ ಇಡೀ ಚೌಕಟ್ಟು ಸುಮಾರು ಒಂದು ಡಿಗ್ರಿ ಮುಂದಕ್ಕೆ ಬಾಗುತ್ತದೆ.

ಒಂದು ಡಿಗ್ರಿ ಎಂದರೆ ಕಡಿಮೆ ಎನಿಸಬಹುದು. ಆದರೆ ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದಾಗ ಅದು ಮುಟ್ಟುವ ಬಿಂದುವಿಗೂ ಟಯರ್ ನೆಲ ಮುಟ್ಟುವ ಬಿಂದುವಿಗೂ ನಡುವೆ ಇರುವ ಅಂತರ, ಅಂದರೆ ಟ್ರೇಲ್, ಈ ಒಂದು ಡಿಗ್ರಿಯಿಂದ ಆರೇಳು ಮಿ.ಮೀ. ಕಡಿಮೆಯಾಗುತ್ತದೆ. ನೇರ ರಸ್ತೆಯಲ್ಲಿ ಗಾಡಿ ತನ್ನಷ್ಟಕ್ಕೆ ನೆಟ್ಟಗೆ ಸಾಗುವುದು ಈ ಟ್ರೇಲ್‌ನಿಂದ. ಹಳೆಯ ಬುಲೆಟ್‌ಗಳಲ್ಲಿ ಟ್ರೇಲ್ ಧಾರಾಳವಾಗಿಯೇ ಇರುವುದರಿಂದ ಇಷ್ಟು ಕಡಿಮೆಯಾದರೆ ಗಾಡಿ ತಿರುವಿಗೆ ಸಲೀಸಾಗಿ ಇಳಿಯುತ್ತದೆ, ಹಾನಿಯಿಲ್ಲ. ಶಾಕನ್ನು 40 ಮಿ.ಮೀ. ಉದ್ದ ಮಾಡಿದರೆ ನಷ್ಟವೂ ಇಮ್ಮಡಿಯಾಗುತ್ತದೆ. ಸ್ಟಿಯರಿಂಗ್ ಬೇರಿಂಗ್ ಸಡಿಲವಿರುವ, ಸ್ವಿಂಗ್ ಆರ್ಮ್ ಬುಷ್ ಸವೆದಿರುವ ಗಾಡಿಯಲ್ಲಿ ಅದು ವೇಗ ಹೆಚ್ಚಿದಾಗ ಹ್ಯಾಂಡಲ್ ಅಲುಗಾಟವಾಗಿ ಹೊರಬರುತ್ತದೆ. ಹೀಗಾಗಿ ಬುಲೆಟ್‌ಗೆ 20 ಮಿ.ಮೀ. ಮೇಲ್ಮಿತಿ ಎಂದು ಭಾವಿಸುವುದು ಕ್ಷೇಮ. ಗಿಡ್ಡ ಅಂತರದ, ಹಗುರವಾದ ಆರ್‌ಎಕ್ಸ್ 100ರಲ್ಲಿ ಅಷ್ಟೇ ಉದ್ದ ಇನ್ನೂ ಹೆಚ್ಚು ಪರಿಣಾಮ ಬೀರುತ್ತದೆ. ಅಲ್ಲಿ 10ರಿಂದ 15 ಮಿ.ಮೀ. ದಾಟದಿರುವುದು ಲೇಸು.

ಕೊಳ್ಳುವಾಗ ಉದ್ದವೆಂದರೆ ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿನವರೆಗಿನ ಅಂತರ. ಇದರ ಜೊತೆಗೆ ಬುಷ್‌ನ ಒಳವ್ಯಾಸ, ಕಣ್ಣಿನ ಅಗಲ, ಸ್ಪ್ರಿಂಗಿನ ಹೊರವ್ಯಾಸ ಚೈನ್ ಕವರಿಗೂ ಸೈಲೆನ್ಸರಿಗೂ ತಾಗದಿರುವುದು, ಇವೆಲ್ಲ ಹೊಂದಬೇಕು. ಬೇರೆ ಗಾಡಿಯ ಶಾಕ್ ಉದ್ದದಲ್ಲಿ ಹೊಂದಿದ ಮಾತ್ರಕ್ಕೆ ಅದರ ಸ್ಪ್ರಿಂಗ್ ಬುಲೆಟ್‌ನ ಭಾರಕ್ಕೆ ಹೊಂದುತ್ತದೆಂದೇನಿಲ್ಲ. ಶಾಕ್‌ನ ಉದ್ದದ ಜೊತೆಗೆ ಅದರ ಓಡಾಟವೂ ಹೆಚ್ಚಿದ್ದರೆ, ಸ್ಪ್ರಿಂಗ್ ಬಿಚ್ಚಿಟ್ಟು ಚಕ್ರವನ್ನು ಪೂರ್ತಿ ಮೇಲಕ್ಕೆತ್ತಿ ಟಯರ್ ಮಡ್‌ಗಾರ್ಡಿಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಓಡಿಸಬೇಕು.

ಅದಕ್ಕಿಂತ ಹೆಚ್ಚಿನ ಗಮನ ಬೇಕಾದದ್ದು ಚಕ್ರ ಪೂರ್ತಿ ಕೆಳಗಿಳಿದ ಸ್ಥಿತಿಗೆ. ಉದ್ದದ ಶಾಕ್ ಹಾಕಿದಾಗ ಸ್ವಿಂಗ್ ಆರ್ಮ್ ಮೊದಲಿಗಿಂತ ಹೆಚ್ಚು ಕೆಳಮುಖವಾಗುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್‌ನ ತಿರುಗಣಿ, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಚೈನ್ ಅತ್ಯಂತ ಬಿಗಿಯಾಗಿರುತ್ತದೆ. ಗಾಡಿ ಈಗ ಆ ಗೆರೆಯಿಂದ ದೂರದಲ್ಲಿ ನಿಂತಿರುವುದರಿಂದ, ಸ್ಟ್ಯಾಂಡಿನ ಮೇಲೆ ಹಳೆಯ ಲೆಕ್ಕದಲ್ಲೇ ಚೈನ್ ಬಿಗಿಮಾಡಿದರೆ ಭಾರ ಬಿದ್ದಾಗ ಅದು ತಂತಿಯಂತೆ ಎಳೆದುಕೊಂಡು ಗೇರ್‌ಬಾಕ್ಸ್ ಬೇರಿಂಗನ್ನು ತಿನ್ನುತ್ತದೆ. ಶಾಕ್‌ನ ಕೆಳಗಿನ ಬೋಲ್ಟ್ ಬಿಚ್ಚಿ, ಮೂರೂ ಒಂದೇ ಗೆರೆಗೆ ಬರುವಂತೆ ಚಕ್ರ ಎತ್ತಿ ಹಿಡಿದು, ಆ ಸ್ಥಿತಿಯಲ್ಲಿ ಸ್ವಲ್ಪ ಸಡಿಲ ಉಳಿಯುವಂತೆ ಚೈನ್ ಹೊಂದಿಸುವುದೇ ನಂಬಲರ್ಹ ವಿಧಾನ. ಚೈನನ್ನು ಪೂರ್ತಿ ಮುಚ್ಚಿರುವ ಜಾವಾದಂಥ ಗಾಡಿಗಳಲ್ಲಿ ಎಂಜಿನ್ನಿಗೂ ಚೈನ್ ಕವರಿಗೂ ನಡುವಿನ ರಬ್ಬರ್ ಕೊಳವೆಗಳು ಹೆಚ್ಚು ಮಡಿಸಿಕೊಂಡು ಚೈನಿಗೆ ಉಜ್ಜುವ ಸಾಧ್ಯತೆ ಇರುವುದರಿಂದ ಅವನ್ನೂ ನೋಡಬೇಕು. ಹಿಂದಿನ ಬ್ರೇಕಿನ ರಾಡ್ ಪೂರ್ತಿ ಇಳಿದ ಸ್ಥಿತಿಯಲ್ಲಿ ತಾನಾಗಿ ಎಳೆದುಕೊಂಡು ಬ್ರೇಕ್ ಹಿಡಿಯುತ್ತಿಲ್ಲವೆಂದು ಚಕ್ರ ತಿರುಗಿಸಿ ಪರೀಕ್ಷಿಸಬೇಕು.

ಸ್ಟ್ಯಾಂಡ್‌ಗಳ ವಿಷಯ ಸಣ್ಣದೆನಿಸಿದರೂ ದಿನವೂ ಕಾಡುವಂಥದ್ದು. ಸೆಂಟರ್ ಸ್ಟ್ಯಾಂಡ್ ಹಾಕಿದಾಗ ಹಿಂಚಕ್ರ ನೆಲ ಬಿಡುವುದಿಲ್ಲ, ಪಂಕ್ಚರ್ ಆದ ದಿನ ಕೆಳಗೆ ಹಲಗೆ ಇಡಬೇಕಾಗುತ್ತದೆ. ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ಹೆಚ್ಚು ವಾಲುತ್ತದೆ. ಅದರ ಪಾದಕ್ಕೆ ಹತ್ತು ಮಿ.ಮೀ. ದಪ್ಪದ ಪಟ್ಟಿ ಬೆಸುಗೆ ಹಾಕಿಸಿದರೆ ಸರಿಹೋಗುತ್ತದೆ.

ಜೋಡಣೆಯ ತುಂಡುಗಳು

ಶಾಕ್‌ನ ಕೆಳಗಿನ ಕಣ್ಣಿಗೂ ಸ್ವಿಂಗ್ ಆರ್ಮ್‌ಗೂ ನಡುವೆ ಸೇರಿಸುವ ಲೋಹದ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಅರ್ಧ ಗಂಟೆಯಲ್ಲಿ ಕೂರುತ್ತವೆ, 30ರಿಂದ 50 ಮಿ.ಮೀ. ಎತ್ತರವನ್ನೂ ಕೊಡುತ್ತವೆ. ಇವನ್ನು ನಾನು ಯಾರಿಗೂ ಹೇಳುವುದಿಲ್ಲ. ಮೊದಲ ಕಾರಣ, ಇಷ್ಟು ಎತ್ತರ ಮೇಲೆ ಹೇಳಿದ 20 ಮಿ.ಮೀ. ಮಿತಿಯನ್ನು ಒಂದೇ ಏಟಿಗೆ ದಾಟುತ್ತದೆ. ಎರಡನೆಯದು ಇನ್ನೂ ಗಂಭೀರವಾದದ್ದು. ತುಂಡು ತನ್ನ ಬೋಲ್ಟಿನ ಮೇಲೆ ಸ್ವಲ್ಪವಾದರೂ ತಿರುಗುವಂತಿದ್ದರೆ, ಒಂದು ಕೀಲಿದ್ದ ಕಡೆ ಎರಡು ಕೀಲುಗಳಾದವು. ಮೇಲಿನಿಂದ ಭಾರ ಬಿದ್ದಾಗ ಆ ತುಂಡು ನೆಟ್ಟಗೆ ನಿಲ್ಲದೆ ಹಿಂದಕ್ಕೋ ಮುಂದಕ್ಕೋ ಮಡಚಿಕೊಳ್ಳಲು ನೋಡುತ್ತದೆ. ಹಾಗೆ ಮಡಚದಂತೆ ತಡೆಯುವುದು ಬೋಲ್ಟಿನ ಬಿಗಿ ಮಾತ್ರ. ಬೋಲ್ಟ್ ಸಡಿಲಾದ ದಿನ ಎಡಶಾಕ್ ಒಂದು ಕಡೆ, ಬಲಶಾಕ್ ಇನ್ನೊಂದು ಕಡೆ ಓರೆಯಾಗಿ ದಂಡಗಳು ಬಾಗುತ್ತವೆ, ಸೀಲ್ ಒಡೆಯುತ್ತದೆ. ವೇಗದಲ್ಲಿದ್ದರೆ ಆಗುವುದು ಅದಕ್ಕಿಂತ ಕೆಟ್ಟದ್ದು. ಗಾಡಿ ಎತ್ತರವಾದರೂ ಮೆತ್ತಗಿನ ಸ್ಪ್ರಿಂಗ್ ಮೆತ್ತಗೆಯೇ ಉಳಿಯುತ್ತದೆ ಎಂಬುದು ಮೂರನೆಯ ಕಾರಣ. ಚೌಕಟ್ಟಿನ ಮೇಲಿನ ಕೊಂಡಿಯನ್ನು ಕತ್ತರಿಸಿ ಕೆಳಗೆ ಬೆಸುಗೆ ಹಾಕಿಸುವ ವಿಧಾನವೂ ಇದೇ ಸಾಲಿಗೆ ಸೇರುತ್ತದೆ. ಹಳೆಯ ಚೌಕಟ್ಟನ್ನು ಮತ್ತೆ ಮೊದಲಿನಂತೆ ಮಾಡಲಾಗದು. ತಯಾರಕರ ಮೂಲ ವಿವರಗಳಿಗೂ ನೋಂದಣಿ ಪತ್ರಕ್ಕೂ ವ್ಯತ್ಯಾಸ ಬರುವಂಥ ಬದಲಾವಣೆಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುವುದರಿಂದ, ಚೌಕಟ್ಟಿಗೆ ಕೈಹಾಕುವವರು ಕಾನೂನಿನ ಕಡೆಗೂ ಗಮನ ಕೊಡಬೇಕಾಗುತ್ತದೆ.

ಟಯರ್ ಮತ್ತು ಫೋರ್ಕ್

ತೀರ ಸ್ವಲ್ಪ ಎತ್ತರ ಸಾಕು ಎನ್ನುವವರು ಟಯರ್ ಬದಲಿಸುವ ಸಮಯ ಬಂದಾಗ 3.25-19ರ ಬದಲು 3.50-19 ಹಾಕಿಸಬಹುದು. ಆಕ್ಸಲ್ ಸುಮಾರು ಆರು ಮಿ.ಮೀ. ಮೇಲೇರುತ್ತದೆ, ಗೇರಿಂಗ್ ಎರಡು ಪ್ರತಿಶತದಷ್ಟು ಉದ್ದವಾಗುತ್ತದೆ, ಅಂದರೆ ಎಂಜಿನ್ನಿನ ಅದೇ ವೇಗಕ್ಕೆ ಗಾಡಿ ಅಷ್ಟು ಹೆಚ್ಚು ದೂರ ಸಾಗುತ್ತದೆ. ಬುಲೆಟ್‌ನ ಸ್ಪೀಡೋಮೀಟರ್ ಮುಂಚಕ್ರದಿಂದ ಓಡುವುದರಿಂದ ಅದರ ಲೆಕ್ಕ ತಪ್ಪುವುದಿಲ್ಲ. ಚೈನ್ ಕವರಿನ ಬದಿಯಲ್ಲೂ ಮಡ್‌ಗಾರ್ಡಿನ ಒಳಗೂ ಜಾಗವಿದೆಯೇ ಎಂದು ನೋಡಿಕೊಂಡರೆ ಸಾಕು.

ಫೋರ್ಕ್ ಕೊಳವೆಗಳನ್ನು ಮೇಲಕ್ಕೆ ಸರಿಸಿ ಮುಂಭಾಗವನ್ನು ತಗ್ಗಿಸುವುದು ಇನ್ನೊಂದು ರೂಢಿ. ತಿರುವಿನ ಚುರುಕು ಇದರಿಂದಲೂ ಸಿಗುತ್ತದೆ. ಆದರೆ ನೆಲದಂತರ ಇನ್ನೂ ಕಡಿಮೆಯಾಗುವುದರಿಂದ ನಮ್ಮ ಹಂಪ್‌ಗಳಿರುವ ರಸ್ತೆಗೆ ಅದು ಹೇಳಿಮಾಡಿಸಿದ್ದಲ್ಲ. ಹೆಡ್‌ಲೈಟಿನ ಮನೆಯೊಳಗೇ ಫೋರ್ಕಿನ ತುದಿಗಳು ಕೂರುವ ಹಳೆಯ ಬುಲೆಟ್‌ಗಳಲ್ಲಿ ಹಾಗೆ ಸರಿಸಲು ಅವಕಾಶವೂ ಇಲ್ಲ.

ಕೆಲಸ ಮುಗಿದ ಮೇಲೆ

ಯಾವ ದಾರಿ ಹಿಡಿದರೂ ಹೆಡ್‌ಲೈಟ್ ಮತ್ತೆ ಹೊಂದಿಸಬೇಕು. ಗಾಡಿ ಒಂದು ಡಿಗ್ರಿ ಮುಂದಕ್ಕೆ ಬಾಗಿದರೆ 25 ಮೀಟರ್ ದೂರದಲ್ಲಿ ಬೆಳಕಿನ ನಡುಬಿಂದು ಸುಮಾರು 44 ಸೆಂ.ಮೀ. ಕೆಳಗೆ ಬೀಳುತ್ತದೆ, ಹಳೆಯ ಬುಲೆಟ್‌ನ ಬೆಳಕು ಮೊದಲೇ ಮಂದವಾಗಿರುವುದರಿಂದ ರಾತ್ರಿ ಈ ವ್ಯತ್ಯಾಸ ದೊಡ್ಡದಾಗಿ ತೋರುತ್ತದೆ. ಕೆಲಸಕ್ಕೆ ಮುನ್ನವೇ ಸವಾರ ಕೂತು ಗೋಡೆಯ ಮೇಲೆ ಬೆಳಕಿನ ಅಂಚಿಗೆ ಒಂದು ಗೆರೆ ಎಳೆದಿಟ್ಟರೆ, ಆಮೇಲೆ ಗಾಡಿಯನ್ನು ಅದೇ ಜಾಗದಲ್ಲಿ ನಿಲ್ಲಿಸಿ ಅದೇ ಗೆರೆಗೆ ತರಬಹುದು.

ಹೊಸ ಸ್ಪ್ರಿಂಗ್‌ಗಳು ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ತುಸು ಕೂರುತ್ತವೆ, ರಬ್ಬರ್ ಬುಷ್‌ಗಳೂ ತಮ್ಮ ಜಾಗ ಹಿಡಿಯುತ್ತವೆ. ಆ ಅವಧಿ ಮುಗಿದ ಮೇಲೆ ಮೂರೂ ಅಳತೆಗಳನ್ನು ಮತ್ತೆ ತೆಗೆದು, ಸವಾರನ ಕುಸಿತ 25ರಿಂದ 30 ಮಿ.ಮೀ. ನಡುವೆ ಬರುವಂತೆ ಕಾಲರನ್ನೋ ಉಂಗುರವನ್ನೋ ಕೊನೆಯ ಬಾರಿ ಹೊಂದಿಸಬೇಕು. ಶಾಕ್‌ನ ನಾಲ್ಕೂ ಬೋಲ್ಟ್‌ಗಳನ್ನು ಬಿಗಿಯುವಾಗ ಗಾಡಿ ತನ್ನ ಚಕ್ರಗಳ ಮೇಲೆಯೇ ನಿಂತಿರಲಿ, ಚಕ್ರ ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.